ನಾಲ್ಕೇ ವ್ಯಾಟ್

ಮೀಟರಿನ ಮುಳ್ಳು ಐದನ್ನು ದಾಟಿತು, ಐದೂವರೆಗೆ ಬಂತು, ಅಲ್ಲಿ ಒಂದು ಸಲ ನಡುಗಿ ನಿಂತಿತು. ಗುಂಡಿಯನ್ನು ಇನ್ನೂ ತಿರುಗಿಸಿದರೂ ಮುಳ್ಳು ಏರುತ್ತಿರಲಿಲ್ಲ. ಪಕ್ಕದಲ್ಲಿ ಕಟ್ಟಿದ್ದ ಪುಟ್ಟ ಸ್ಪೀಕರಿನಲ್ಲಿ ಅಷ್ಟು ಹೊತ್ತೂ ನುಣ್ಣಗೆ ಬರುತ್ತಿದ್ದ ಸ್ವರ ಒಡೆದು ಗೊರಗೊರ ಅನ್ನುತ್ತಿತ್ತು. ಬೆಳಿಗ್ಗೆಯಿಂದ ಇದು ಐದನೆಯ ಸಲ. ಎಂಟು ಓಮಿನ ಮೇಲೆ ಐದೂವರೆ ವೋಲ್ಟು ಅಂದರೆ ನಾಲ್ಕು ವ್ಯಾಟು, ಅದೂ ಧಾರಾಳ ಮನಸ್ಸಿನಿಂದ ಲೆಕ್ಕ ಹಾಕಿದರೆ. ನಕ್ಷೆಯಲ್ಲಿ ಹನ್ನೆರಡು ಅಂತ ಅಚ್ಚಾಗಿತ್ತು. ಮಿಕ್ಕ ಎಂಟು ವ್ಯಾಟು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಬೇಕಾದವನು ಯಾರು ತೆಗೆದುಕೊಂಡರು ಎಂದು ಕೇಳಿಕೊಳ್ಳುತ್ತಿದ್ದಾನೆ ಅನ್ನುವುದು ಅವನಿಗೂ ಒಂದು ಗಳಿಗೆ ಹೊಳೆಯಿತು. ಹೊಳೆದದ್ದನ್ನು ಬದಿಗೆ ಸರಿಸಿದ. ಮೋಟಾರು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತವನು ಅವನು. ಬೇರೆಯವರು ಸುತ್ತಿದ್ದನ್ನು, ಬೇರೆಯವರು ಜೋಡಿಸಿದ್ದನ್ನು, ಬೇರೆಯವರು ಬಣ್ಣ ಬಳಿದದ್ದನ್ನು ಅವನ ಮೇಜಿನ ಮೇಲೆ ತಂದಿಡುತ್ತಿದ್ದರು. ಅವನು ಅಳೆದು ಹಸಿರು ಸೀಲೋ ಕೆಂಪು ಸೀಲೋ ಒತ್ತುತ್ತಿದ್ದ. ತಪ್ಪು ಯಾವಾಗಲೂ ಮೇಜಿನ ಆಚೆ ಬದಿಯಿಂದ ಬರುವ ಸರಕಾಗಿತ್ತು. ನಿವೃತ್ತನಾಗಿ ಎಂಟು ತಿಂಗಳಲ್ಲಿ, ಬದುಕಿನಲ್ಲಿ ಮೊದಲ ಸಲ, ತಾನೇ ಒಂದನ್ನು ಮಾಡಿದ್ದ: ಹಾಡು ಕೇಳುವ ವಾಲ್ವು ಆಂಪ್ಲಿಫೈಯರು. ಅಲ್ಯೂಮಿನಿಯಂ ತಟ್ಟೆಗೆ ರಂಧ್ರ ಕೊರೆದು, ಅಂಚನ್ನು ಅರದಿಂದ ಉಜ್ಜಿ, ಮುಂದೆ ಎರಡು ಸಣ್ಣ ವಾಲ್ವು, ಹಿಂದೆ ದೊಡ್ಡದರ ಜೋಡಿ, ಅದರ ಹಿಂದೆ ಎರಡು ಟ್ರಾನ್ಸ್‌ಫಾರ್ಮರು. ಹಿಂದಿನ ಜೋಡಿಯಲ್ಲಿ ಒಂದು ತಳ್ಳಬೇಕು, ಇನ್ನೊಂದು ಎಳೆಯಬೇಕು. ಗರಗಸ ಹಿಡಿದ ಇಬ್ಬರ ಹಾಗೆ. ವಾಲ್ವುಗಳು ಕೆಂಪಗೆ ಉರಿಯುವುದನ್ನು ನೋಡಿದ ಮೊದಲ ದಿನ ಅವನ ಕಣ್ಣು ಒದ್ದೆಯಾಗಿತ್ತು, ಅದನ್ನು ಹೆಂಡತಿ ನೋಡಲಿಲ್ಲವಷ್ಟೇ ಎಂದು ತಿರುಗಿ ನೋಡಿದ್ದ. ಮರುದಿನ ಮೀಟರು ಹಚ್ಚಿದ. ನಾಲ್ಕೇ ವ್ಯಾಟು.

ಮೊದಲು ಅನುಮಾನ ಬಂದದ್ದು ಭಾಮೈದನ ಮೇಲೆ. ಜೋಡಿ ವಾಲ್ವು ತಂದುಕೊಟ್ಟವನು ಅವನೇ. ಮುಚ್ಚಿಹೋದ ಯಾವುದೋ ರೇಡಿಯೋ ಅಂಗಡಿಯ ದಾಸ್ತಾನಿನಿಂದ ಎತ್ತಿದ್ದಂತೆ. "ಹೊಚ್ಚ ಹೊಸದು ಭಾವ, ಡಬ್ಬಿ ಸಹ ಒಡೆದಿಲ್ಲ," ಅಂದಿದ್ದ. ಡಬ್ಬಿ ಒಡೆದಿಲ್ಲ ಎಂದು ಕೇಳದೆಯೇ ಯಾಕೆ ಹೇಳಬೇಕು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಭೂತಗನ್ನಡಿ ಹಿಡಿದು ನೋಡಿದರೆ ಒಂದರ ಕಾಲಿನಲ್ಲಿ ಸಣ್ಣ ಗೀರು ಕಾಣಿಸಿತು. ತಾನೇ ಅದನ್ನು ಸಾಕೆಟ್ಟಿಗೆ ಎಂಟು ಹತ್ತು ಸಲ ತುರುಕಿ ತೆಗೆದದ್ದರಿಂದ ಗೀರು ಆಗಿರಬಹುದು ಅನ್ನುವ ಯೋಚನೆ ಬಂತು, ನಿಲ್ಲಲಿಲ್ಲ. ರೈಲ್ವೆ ಗೇಟಿನ ಹತ್ತಿರ ವಾಲ್ವು ಪರೀಕ್ಷಿಸುವ ಹಳೆಯ ಯಂತ್ರ ಇಟ್ಟುಕೊಂಡಿದ್ದ ರಿಪೇರಿಯವನ ಬಳಿ ಒಯ್ದ. ಎರಡೂ ಸರಿಯಾಗಿವೆ, ನೂರಕ್ಕೆ ಒಂದು ತೊಂಬತ್ತೆಂಟು, ಇನ್ನೊಂದು ತೊಂಬತ್ತೇಳು ಎಂದು ರಿಪೇರಿಯವನು ಹೇಳಿದಾಗ ಆಗಬೇಕಾದ ಸಮಾಧಾನ ಆಗಲಿಲ್ಲ. ಏಕೆಂದರೆ ಅಷ್ಟರಲ್ಲಿ ಫೋನು ಮಾಡಿ ಭಾಮೈದನಿಗೆ ಅನ್ನಬಾರದ್ದನ್ನು ಅಂದಾಗಿತ್ತು. ಭಾಮೈದ ಜಗಳಕ್ಕೆ ಬರಲಿಲ್ಲ. ಆ ಕಡೆಯಿಂದ ನಕ್ಕ. "ಭಾವ, ನಿಮ್ಮ ಮದುವೇಲಿ ನಮ್ಮಪ್ಪ ಕೊಟ್ಟ ಗಡಿಯಾರವೂ ಹಿಂದೆ ಹೋಗ್ತದೆ ಅಂದಿದ್ರಿ. ಕೊನೆಗೆ ನೋಡಿದ್ರೆ ನಿಮ್ಮ ಕಾರ್ಖಾನೆ ಸೈರನ್ನೇ ಮುಂದಿತ್ತು," ಅಂದ. ಆ ನಗು ಈಗಲೂ ಕಿವಿಯಲ್ಲಿ ಮರಳಿನ ಹಾಗೆ ಕೂತಿತ್ತು.

ವಾಲ್ವು ಸರಿ. ವೋಲ್ಟೇಜುಗಳನ್ನೆಲ್ಲ ನಕ್ಷೆಯ ಜೊತೆ ಹೋಲಿಸಿ ಒಂದೊಂದಕ್ಕೂ ಟಿಕ್ಕು ಹಾಕಿದ, ಸರಿ. ಜೋಡಿಯ ಎರಡು ವಾಲ್ವಿಗೂ ಮುಂದಿನಿಂದ ಸ್ವರ ಬಂದು ತಲುಪುತ್ತಿದೆಯೇ ಎಂದು ಮೀಟರಿನ ಮೊನೆಯನ್ನು ಒತ್ತಿ ಹಿಡಿದು ನೋಡಿದ. ಎಡಕ್ಕೂ ಬರುತ್ತಿತ್ತು, ಬಲಕ್ಕೂ ಬರುತ್ತಿತ್ತು. ಉಳಿದದ್ದು ಒಂದೇ. ಎರಡು ವಾಲ್ವುಗಳ ಶಕ್ತಿಯನ್ನು ಒಟ್ಟುಗೂಡಿಸಿ ಸ್ಪೀಕರಿಗೆ ಇಳಿಸುವ ಟ್ರಾನ್ಸ್‌ಫಾರ್ಮರು. ಅದನ್ನು ಸುತ್ತಿದವನು ಜೀರುಂಡೆ. ಬೇರೆಯವರ ಸರದಿ ಮುಗಿಯಲಿ ಎಂದು ಕಾದಿದ್ದ ಹಾಗೆ ಆ ಹೆಸರು ತಲೆಯೊಳಗೆ ಬಂದು ಕೂತಿತು. ಕಾಯಿಲ್ ವಿಭಾಗದಲ್ಲಿ ಕೆಲಸ ಮಾಡುವಾಗ ಇಡೀ ದಿನ ಮೂಗಿನಲ್ಲೇ ಏನೋ ಗುಂಯ್‌ಗುಡುತ್ತಿದ್ದುದರಿಂದ ಅವನಿಗೆ ಆ ಹೆಸರು ಬಿದ್ದಿತ್ತು. ಹಾಜರಿ ಪುಸ್ತಕದಲ್ಲಿದ್ದ ಹೆಸರು ಯಾರಿಗೂ ನೆನಪಿರಲಿಲ್ಲ. ಇಲ್ಲ, ಒಂದು ದಿನ ಎಲ್ಲರಿಗೂ ನೆನಪಾಗಿತ್ತು. ವಿಚಾರಣೆಯ ದಿನ. ಕಾಯಿಲ್ ವಿಭಾಗದಲ್ಲಿ ತಾಮ್ರದ ತಂತಿ ಕಡಿಮೆ ಬೀಳುತ್ತಿದೆ ಎಂದು ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದ. ಉದ್ದ ಮೇಜು, ಮೇಜಿನ ಮೇಲೆ ಮುಚ್ಚಳ ಮುಚ್ಚಿದ ನೀರಿನ ಲೋಟ. ಟೆಸ್ಟಿಂಗ್ ವಿಭಾಗದ ಕಿಟಕಿಯಿಂದ ಗೇಟು ಕಾಣುತ್ತದಂತಲ್ಲ, ಇವನು ಸಂಜೆ ಚೀಲ ಹಿಡಿದು ಹೋಗುವುದನ್ನು ನೋಡಿದಿರಾ? ನೋಡಿದೆ. ಚೀಲ ಭಾರವಾಗಿತ್ತೇ? ಮೂರನೇ ಮಹಡಿಯ ಕಿಟಕಿಯಿಂದ ಚೀಲದ ಭಾರ ಯಾರಿಗೆ ಗೊತ್ತಾಗುತ್ತದೆ. ಆದರೆ ಅಳೆಯುವುದೇ ಕಸುಬಾದವನಿಗೆ ಗೊತ್ತಿಲ್ಲ ಅನ್ನಲು ನಾಲಗೆ ಏಳಲಿಲ್ಲ. ಭಾರವಾಗಿತ್ತು ಅನಿಸಿತು, ಅಂದ. ಅಧಿಕಾರಿ ಅನಿಸಿತು ಅನ್ನುವುದನ್ನು ಬಿಟ್ಟು ಭಾರವಾಗಿತ್ತು ಅನ್ನುವುದನ್ನು ಮಾತ್ರ ಬರೆದುಕೊಂಡ. ಪೆನ್ನು ಅಲ್ಲಿ ನಿಂತದ್ದನ್ನು ಅವನು ನೋಡಿದ್ದ. ಜೀರುಂಡೆಯ ಕೆಲಸ ಹೋಗಿ ಹದಿನಾರು ವರ್ಷ.

ಇಂಥವನ ಕೈಗೆ ತನ್ನ ಟ್ರಾನ್ಸ್‌ಫಾರ್ಮರು ಹೋದದ್ದು ಹೇಗೆ? ಹೆಂಡತಿಯಿಂದ. ಅವಳು ದವಾಖಾನೆಯಲ್ಲಿ ಔಷಧಿ ಕೊಡುವ ಕಿಟಕಿಯಲ್ಲಿ ಕೂರುತ್ತಾಳೆ. ಉಬ್ಬಸದ ಔಷಧಿಗೆಂದು ಜೀರುಂಡೆಯ ಹೆಂಡತಿ ವಾರಕ್ಕೊಂದು ಸಲ ಬರುತ್ತಾಳೆ. ಅವನು ಈಗ ಕಾಯಿಲ್ ಸುತ್ತುವ ಅಂಗಡಿ ಇಟ್ಟಿದ್ದಾನೆ, ಅವನೇ ಸುತ್ತಿಕೊಡಲಿ ಎಂದು ಹೆಂಗಸರಿಬ್ಬರೂ ಮಾತಾಡಿಕೊಂಡು ಎಲ್ಲ ಮುಗಿಸಿಬಿಟ್ಟಿದ್ದರು. ಬೇಡ ಅನ್ನಲು ಕಾರಣ ಹೇಳಬೇಕಾಗುತ್ತಿತ್ತು, ಕಾರಣ ಹೇಳಲು ವಿಚಾರಣೆಯ ಕೋಣೆಯ ಬಾಗಿಲು ತೆರೆಯಬೇಕಾಗುತ್ತಿತ್ತು. ಇವಳಿಗೆ ಅದೆಲ್ಲ ಗೊತ್ತಿದ್ದೇ ಹೀಗೆ ಮಾಡಿದಳೇ? ತನ್ನನ್ನು ಅವನ ಬಾಗಿಲಿಗೆ ಕಳಿಸಿ ತಲೆ ತಗ್ಗಿಸಿ ನಿಲ್ಲಿಸಬೇಕೆಂದೇ? ಕಳೆದ ತಿಂಗಳು ನಕ್ಷೆ ಕೊಡಲು ಹೋದಾಗ ಜೀರುಂಡೆ ಹಳೆಯದೇನೂ ತೆಗೆಯಲಿಲ್ಲ, ಕೂತ್ಕೊಳ್ಳಿ ಅಂದ, ತನ್ನ ಕೈಯಿಂದಲೇ ಟೀ ತಂದುಕೊಟ್ಟ. ಆ ಒಳ್ಳೆಯತನವೇ ಈಗ ಗಂಟಲಿಗೆ ಸಿಕ್ಕಿಕೊಂಡಿತ್ತು. ಹದಿನಾರು ವರ್ಷದ ಮೇಲೆ ಯಾರಾದರೂ ಹಾಗೆ ಟೀ ಕೊಡುತ್ತಾರೆಯೇ, ಒಳಗೆ ಏನೂ ಇಟ್ಟುಕೊಳ್ಳದೆ?

"ಇವತ್ತಾದ್ರೂ ಸಿಕ್ತಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. ದವಾಖಾನೆಗೆ ಹೊರಟಿದ್ದಳು, ಕೈಯಲ್ಲಿ ಛತ್ರಿ.

"ಸಿಕ್ಕಿದೆ. ಟ್ರಾನ್ಸ್‌ಫಾರ್ಮರು."

"ನಿನ್ನೆ ನನ್ನ ತಮ್ಮ ಅಂದ್ರಿ."

"ನಿನ್ನೆ ಗೊತ್ತಿರಲಿಲ್ಲ. ಸುತ್ತು ಕಮ್ಮಿ ಹಾಕಿದಾನೆ."

"ಅದು ನಿಮಗೆ ಹೇಗೆ ಗೊತ್ತಾಯ್ತು? ರೇಷಿಯೋನೋ ಏನೋ, ಎರಡೂ ಕಡೆ ಸುತ್ತಿನ ಲೆಕ್ಕ, ಅದು ಸರಿ ಬಂತು ಅಂತ ಮೊನ್ನೆ ಊಟಕ್ಕೆ ಕೂತಾಗ ಹೇಳಿದ್ರಲ್ಲ."

"ರೇಷಿಯೋ ಸರಿ ಇದ್ರೆ ಎರಡೂ ಕಡೆ ಕಮ್ಮಿ ಹಾಕಿದಾನೆ ಅಂತ ಅರ್ಥ."

ಅವಳು ಚಪ್ಪಲಿ ಮೆಟ್ಟುತ್ತಿದ್ದವಳು ನಿಂತು ಅವನ ಮುಖ ನೋಡಿದಳು. "ತಪ್ಪಾಗಿದ್ರೆ ತಪ್ಪು, ಸರಿ ಇದ್ರೆ ಇನ್ನೂ ದೊಡ್ಡ ತಪ್ಪು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಸಿಗತ್ತಂತೆ," ಅಂದಳು. ಆಮೇಲೆ, ಹೊರಗೆ ಕಾಲಿಟ್ಟ ಮೇಲೆ, ತಿರುಗದೆ ಸೇರಿಸಿದಳು: "ಪಾಪ, ಒಂದು ಸಲ ಅನ್ಯಾಯವಾಗಿ ಕಳ್ಳ ಅನಿಸಿಕೊಂಡಿರೋ ಮನುಷ್ಯ ಅಂತೆ. ಅವನ ಹೆಂಡತಿ ಹೇಳ್ತಾಳೆ. ಸ್ವಲ್ಪ ನೋಡ್ಕೊಂಡು ಮಾತಾಡಿ."

ಹಾಗೆ ಕಳ್ಳ ಅನ್ನಿಸಿದವರು ಯಾರು ಅನ್ನುವುದನ್ನು ಜೀರುಂಡೆಯ ಹೆಂಡತಿ ಹೇಳಿದ್ದಾಳೋ ಇಲ್ಲವೋ, ಇವಳು ಕೇಳಿದ್ದಾಳೋ ಇಲ್ಲವೋ, ಗೇಟಿನ ಚಿಲಕ ಹಾಕಿದ ಸದ್ದಿನಲ್ಲಿ ಅದನ್ನು ತಿಳಿಯಲು ಯತ್ನಿಸುತ್ತ ಅವನು ನಿಂತಿದ್ದ.

ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಬಿಡಿಸಿ, ತಿರುಪು ಕಳಚಿ, ಹಳೆಯ ಟವೆಲಿನಲ್ಲಿ ಸುತ್ತಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡ. ಅಂಗಡಿ ಇದ್ದದ್ದು ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ, ನಡೆದರೆ ಇಪ್ಪತ್ತು ನಿಮಿಷ. ಕಬ್ಬಿಣವೂ ತಾಮ್ರವೂ ಸೇರಿ ಚೀಲ ಭುಜವನ್ನು ಎಳೆಯುತ್ತಿತ್ತು. ಎದುರಿಗೆ ಬಂದ ಅಂಚೆಯವನು ಚೀಲವನ್ನೇ ನೋಡಿದ ಹಾಗಾಯಿತು. ಬೇಕರಿಯ ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಮಾತು ನಿಲ್ಲಿಸಿದರು. ಚೀಲವನ್ನು ಭಾರವಿಲ್ಲದ್ದರ ಹಾಗೆ ಹಿಡಿಯಲು ಹೋಗಿ ಭುಜ ಇನ್ನಷ್ಟು ವಾಲಿತು. ದೂರದಿಂದ ನೋಡಿದವರಿಗೆ ನಿಜವಾಗಿ ಏನು ಗೊತ್ತಾಗುತ್ತದೆ ಎಂದು ಮೊದಲ ಸಲ ಕುತೂಹಲವಾಯಿತು, ಕುತೂಹಲದ ಬೆನ್ನಿಗೇ ಸಿಟ್ಟು ಬಂತು. ಈ ಚೀಲ ಹೊರುವ ಸ್ಥಿತಿಗೆ ತಂದವನು ಜೀರುಂಡೆಯೇ ತಾನೆ. ಐದು ಸುತ್ತಿಗೆ ಒಂದು ಸುತ್ತು ಉಳಿಸಿದರೂ ಸಾಕು, ಯಾರೂ ಬಿಚ್ಚಿ ನೋಡುವುದಿಲ್ಲ. ತಂತಿಯ ಆಸೆಗಲ್ಲ, ತನಗೊಂದು ಪಾಠ ಕಲಿಸುವುದಕ್ಕೆ. ಟೆಸ್ಟರ್ ಸಾಹೇಬರಿಗೆ ಕಂಡುಹಿಡಿಯಲಾಗದ ತಪ್ಪೊಂದನ್ನು ಕೈಯಾರೆ ಸುತ್ತಿ ಕೊಟ್ಟು, ಟೀ ಕುಡಿಸಿ ಕಳಿಸಿದ್ದಾನೆ. ಹಾಗೆ ಯೋಚಿಸಿದ ಮೇಲೆ ನಡಿಗೆ ಹಗುರವಾಯಿತು.

ಅಂಗಡಿಯ ಅಗಲ ಎರಡು ಮಂಚದಷ್ಟು. ಸುಟ್ಟ ಮೋಟಾರುಗಳು, ನೀರೆತ್ತುವ ಪಂಪುಗಳು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಕಾಯಿಲುಗಳು. ಜೀರುಂಡೆ ಮಣೆಯ ಮೇಲೆ ಕೂತು ಪಂಪೊಂದರ ಹೊಟ್ಟೆಗೆ ತಂತಿ ತುಂಬುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು, ಬೆರಳುಗಳಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಕಾರ್ಖಾನೆಯಲ್ಲಿದ್ದಾಗ ಅವನು ಜೀರುಂಡೆಯನ್ನು ನೀನು ಅನ್ನುತ್ತಿದ್ದ. ಈಗ ನೀನು ಬಾಯಿಗೆ ಬರುತ್ತಿರಲಿಲ್ಲ, ನೀವು ಅನ್ನಲು ಮನಸ್ಸಿರಲಿಲ್ಲ. ಹಾಗಾಗಿ ಕ್ರಿಯಾಪದಗಳ ಬಾಲವನ್ನೆಲ್ಲ ನುಂಗಿ ಮಾತಾಡಬೇಕಾಗುತ್ತಿತ್ತು.

"ಶಕ್ತಿ ಬರ್ತಾ ಇಲ್ಲ," ಅಂದ, ಚೀಲವನ್ನು ಮೇಜಿನ ಮೇಲಿಟ್ಟು. "ಹನ್ನೆರಡು ಬರಬೇಕಾದಲ್ಲಿ ನಾಲ್ಕು."

"ವಾಲ್ವು ನೋಡಿದ್ರಾ ಸಾರ್?"

"ನೋಡ್ದೆ."

"ವೋಲ್ಟೇಜು?"

"ಎಲ್ಲಾ ನೋಡ್ದೆ."

"ಬೆಸುಗೆ?"

"ಬೆಸುಗೆ ನಾನೇ ಹಾಕಿದ್ದು."

ಜೀರುಂಡೆ ಅದಕ್ಕೆ ತಲೆಯಾಡಿಸಿದ. ಟವೆಲು ಬಿಚ್ಚಿ ತನ್ನ ಕೆಲಸವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ರೇಷಿಯೋ?"

"ಸರಿ ಇದೆ. ಆದ್ರೆ ರೇಷಿಯೋ ಸರಿ ಇದ್ದ ಮಾತ್ರಕ್ಕೆ ಸುತ್ತು ಸರಿ ಇದೆ ಅಂತ ಆಗಲ್ಲ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕಮ್ಮಿ ಆಗಿದ್ರೂ..."

"ಅಂದ್ರೆ ನಾನು ತಂತಿ ಉಳಿಸ್ಕೊಂಡಿದೀನಿ."

"ನಾನು ಹಾಗೆ ಹೇಳಲಿಲ್ಲ."

"ಹೇಳಲಿಲ್ಲ," ಎಂದು ಜೀರುಂಡೆ ಒಪ್ಪಿಕೊಂಡ. "ಅನಿಸ್ತು, ಅಷ್ಟೆ."

ಆ ಮಾತನ್ನು ಬೇಕೆಂದೇ ಆಡಿದನೋ, ಬಾಯಿಗೆ ಬಂದದ್ದೋ. ಮುಖದಲ್ಲಿ ಏನೂ ಇರಲಿಲ್ಲ. ಜೀರುಂಡೆ ಗೂಡಿನಿಂದ ರಟ್ಟಿನ ಹೊದಿಕೆಯ ಪುಸ್ತಕ ತೆಗೆದು ಪುಟ ತಿರುವಿದ. ಪೆನ್ಸಿಲಿನಲ್ಲಿ ಬರೆದಿತ್ತು: ಒಳಗಿನ ಅರ್ಧ ಒಂದು ಸಾವಿರದ ಮುನ್ನೂರ ಇಪ್ಪತ್ತೆಂಟು, ನಡುವೆ ದಪ್ಪ ತಂತಿ ಎಂಬತ್ನಾಲ್ಕು, ಹೊರಗಿನ ಅರ್ಧ ಮತ್ತೆ ಒಂದು ಸಾವಿರದ ಮುನ್ನೂರ ಇಪ್ಪತ್ತೆಂಟು. "ಬರೆದದ್ದನ್ನ ನಂಬಿ ಅಂತ ನಾನು ಹೇಳಲ್ಲ. ಬಿಚ್ಚಿ ಎಣಿಸೋಣ. ವಾರ್ನಿಷ್ ಇನ್ನೂ ಕುಡಿಸಿಲ್ಲ, ಬಿಚ್ಚಕ್ಕೆ ಬರತ್ತೆ."

"ಬಿಚ್ಚಿದ್ರೆ ಹಾಳಾಗತ್ತಲ್ಲ."

"ಹಾಳಾದ್ರೆ ಇನ್ನೊಂದು ಸುತ್ತೋಣ. ಈ ಪಂಪು ಮುಗಿಸ್ಬೇಕು, ಮೂರು ಗಂಟೆಗೆ ಬನ್ನಿ. ನೀವಿಲ್ದೆ ನಾನು ಸುರುಳಿ ಮುಟ್ಟಲ್ಲ."

ಮನೆಗೆ ಬಂದಾಗ ಹನ್ನೆರಡಾಗಿತ್ತು. ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಟ್ರಾನ್ಸ್‌ಫಾರ್ಮರಿಲ್ಲದ ಆಂಪ್ಲಿಫೈಯರು ಹಲ್ಲು ಕಿತ್ತ ಬಾಯಿಯ ಹಾಗೆ ಕಾಣುತ್ತಿತ್ತು. ಮಾಡಲು ಏನೂ ಇರಲಿಲ್ಲವಾದ್ದರಿಂದ ಅದನ್ನು ಮಗುಚಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡು ಬೆಸುಗೆಯ ಅಂಟು ಕೂತಿದ್ದ ಕಡೆಯೆಲ್ಲ ಉಜ್ಜತೊಡಗಿದ. ಟ್ರಾನ್ಸ್‌ಫಾರ್ಮರು ವಾಪಸು ಬಂದ ಮೇಲೆ ಚೊಕ್ಕವಾಗಿ ಕೂರಿಸಬೇಕು. ಬಲಗಡೆಯ ವಾಲ್ವಿನ ಕೆಳಗೆ ಬ್ರಷ್ಷು ಆಡಿಸಿದಾಗ ಒಂದು ಕೆಪಾಸಿಟರಿನ ಕಾಲು ಅಲುಗಿತು. ಸ್ವಲ್ಪವೇ. ಬ್ರಷ್ಷಿನ ತುದಿಯಿಂದ ಮತ್ತೆ ಮುಟ್ಟಿದ. ಬೆಸುಗೆಯ ಗುಂಡು ಕಾಲನ್ನು ಸುತ್ತುವರಿದು ಹೊಳೆಯುತ್ತಿತ್ತು, ಆದರೆ ಕಾಲು ಅದರೊಳಗೆ ಸಡಿಲವಾಗಿ, ಬಳೆಯೊಳಗಿನ ಕೈಯ ಹಾಗೆ ಆಡುತ್ತಿತ್ತು. ಮುಂದಿನ ವಾಲ್ವಿನಿಂದ ಬಲಗಡೆಯ ವಾಲ್ವಿಗೆ ಸ್ವರ ಬರುವ ದಾರಿ ಅದೊಂದೇ. ಮೀಟರಿನ ಮೊನೆ ಒತ್ತಿ ಹಿಡಿದಾಗ ಒತ್ತಡಕ್ಕೆ ಕಾಲು ಗುಂಡಿಗೆ ತಾಗಿ ಸ್ವರ ದಾಟಿದೆ; ಮೊನೆ ತೆಗೆದ ಕೂಡಲೇ ಬಿಟ್ಟುಕೊಂಡಿದೆ. ಅಳೆಯುವಾಗ ಸರಿ, ಅಳೆಯದಿದ್ದಾಗ ತಪ್ಪು. ಇಷ್ಟು ದಿನ ಗರಗಸದ ಒಂದು ತುದಿಯಲ್ಲಿ ಒಬ್ಬನೇ ಎಳೆಯುತ್ತಿದ್ದ, ಇನ್ನೊಬ್ಬ ಹಿಡಿ ಹಿಡಿದು ಸುಮ್ಮನೆ ನಿಂತಿದ್ದ. ಇದು ಟೊಳ್ಳು ಬೆಸುಗೆ. ಕಾರ್ಖಾನೆಯಲ್ಲಿ ಇಂಥದ್ದು ಬಂದರೆ ಹೊಸಬರ ಕೆಲಸ ಎಂದು ನಗುತ್ತ ಕೆಂಪು ಸೀಲು ಒತ್ತುತ್ತಿದ್ದರು. ಅವನು ಸುತ್ತ ನೋಡಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಇದನ್ನು ಯಾರಾದರೂ ಸಡಿಲಿಸಿರಬಹುದೇ, ಗುಡಿಸುವಾಗ ಪೊರಕೆಯ ಹಿಡಿ ತಾಗಿರಬಹುದೇ ಎಂದು ಮನಸ್ಸು ಮತ್ತೂ ಒಂದು ಸುತ್ತು ಮನೆಯೊಳಗೆಲ್ಲ ಓಡಾಡಿ ಯಾರೂ ಸಿಗದೆ ವಾಪಸು ಬಂತು. ಬೆಸುಗೆ ಕಡ್ಡಿಯನ್ನು ಬಿಸಿಗಿಟ್ಟು, ಬೆಸುಗೆಯನ್ನು ಕರಗಿಸಿ, ಕಾಲನ್ನು ಕೆರೆದು ಮತ್ತೆ ಹಾಕಿದ. ಅರ್ಧ ನಿಮಿಷದ ಕೆಲಸ. ಹೊಗೆಯ ಎಳೆ ಮೇಲೆದ್ದು ಮಾಯವಾಯಿತು. ಅದು ಅಲ್ಲಿತ್ತು ಅನ್ನುವುದಕ್ಕೆ ಈಗ ಲೋಕದಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ.

ಹೆಂಡತಿ ಊಟಕ್ಕೆ ಬಂದಾಗ ಅವನು ತಟ್ಟೆ ಹಾಕಿ ಕಾಯುತ್ತಿದ್ದ. ಹಾಗೆ ಕಾಯುವವನಲ್ಲವಾದ್ದರಿಂದ ಅವಳು ಒಂದು ಸಲ ತಟ್ಟೆಯನ್ನೂ ಒಂದು ಸಲ ಅವನನ್ನೂ ನೋಡಿದಳು.

"ಏನಂದ?"

"ಬಿಚ್ಚಿ ಎಣಿಸ್ತಾನಂತೆ. ಮೂರಕ್ಕೆ ಬಾ ಅಂದಿದಾನೆ."

"ಬೆಸುಗೆ ವಾಸನೆ ಬರ್ತಿದೆ."

"ಏನೋ ಸಣ್ಣ ಕೆಲಸ ಇತ್ತು."

ಅವಳು ಅನ್ನ ಕಲಸುತ್ತ ಕೂತಳು. ಔಷಧಿಯ ಕಿಟಕಿಯಲ್ಲಿ ಇಪ್ಪತ್ತೈದು ವರ್ಷ ಕೂತವಳು. ಯಾವ ನೋವು ಎಲ್ಲಿಂದ ಬಂತು ಎಂದು ಕೇಳದೆ ಚೀಟಿಯಲ್ಲಿದ್ದದ್ದನ್ನು ಎಣಿಸಿ ಕೊಟ್ಟು ಅಭ್ಯಾಸ. ಈಗ ಕೇಳಿಬಿಡಲಿ ಎಂದು ಅವನು ಕಾದ. ಕೇಳಿದ್ದರೆ ಹೇಳುತ್ತಿದ್ದನೋ ಏನೋ. "ಹಾಗಾದ್ರೆ ಹೋಗ್ತೀರಿ," ಅಂದಳು, ಪ್ರಶ್ನೆಯೂ ಅಲ್ಲದ, ಉತ್ತರವೂ ಅಲ್ಲದ ದನಿಯಲ್ಲಿ. "ಹೋಗ್ತೀನಿ," ಅಂದ. ಹೋಗಿ ನಿಲ್ಲಿಸುತ್ತೇನೆ, ಬಿಚ್ಚುವುದು ಬೇಡ, ನನ್ನದೇ ತಪ್ಪು ಅಂದುಬಿಡುತ್ತೇನೆ, ಇಷ್ಟೇ ತಾನೆ. ದಾರಿಯುದ್ದಕ್ಕೂ ಆ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತ ನಡೆದ. ಅದು ಕರಗಲಿಲ್ಲ.

ಅಂಗಡಿಯಲ್ಲಿ ಜೀರುಂಡೆ ಎಲ್ಲ ಸಿದ್ಧ ಮಾಡಿಟ್ಟಿದ್ದ. ಪಂಪು ಮುಗಿದು ಬಾಗಿಲಲ್ಲಿ ಕೂತಿತ್ತು. ಕಬ್ಬಿಣದ ತಗಡುಗಳನ್ನು ಮಾತ್ರ ಕಳಚಿ ಸಾಲಾಗಿ ಜೋಡಿಸಿದ್ದ. ಸುರುಳಿ ಹಾಗೇ ಯಂತ್ರದ ಕಡ್ಡಿಗೆ ಏರಿ ಕೂತಿತ್ತು. ಒಂದು ಸುತ್ತೂ ಬಿಚ್ಚಿರಲಿಲ್ಲ. ಎಣಿಕೆಯ ಪೆಟ್ಟಿಗೆಯಲ್ಲಿ ನಾಲ್ಕು ಸೊನ್ನೆ. ಎದುರಿಗೆ ಇನ್ನೊಂದು ಮಣೆ ಹಾಕಿ ಒರೆಸಿಟ್ಟಿದ್ದ. ಇದೇ ಹೊತ್ತು, ಬಾಯಿ ತೆರೆದರೆ ಸಾಕು. ಅವನು ಮಣೆಯ ಮೇಲೆ ಕೂತ. "ಶುರು ಮಾಡ್ಲಾ?" ಎಂದು ಜೀರುಂಡೆ ಕೇಳಿದ. ಅವನು ತಲೆಯಾಡಿಸಿದ. ಹಿಡಿಕೆ ತಿರುಗತೊಡಗಿತು, ಕಾಗದದ ಒಂದು ಪದರ ಹರಿದು ಬಿತ್ತು, ಕೆಂಪು ತಂತಿ ಕೂದಲಿನ ಹಾಗೆ ಸಡಿಲವಾಗಿ ನೆಲಕ್ಕೆ ಇಳಿಯತೊಡಗಿತು. ತಾನೇಕೆ ತಡೆಯಲಿಲ್ಲ ಅನ್ನುವುದು ಇನ್ನೂರನೇ ಸುತ್ತಿನ ಹೊತ್ತಿಗೆ ಅವನಿಗೆ ತಿಳಿಯಿತು. ಪೆಟ್ಟಿಗೆಯ ಅಂಕಿಗಳನ್ನು ಅವನು ದಾಹದಿಂದ ನೋಡುತ್ತಿದ್ದ. ಸಾವಿರಕ್ಕೇ ಮುಗಿದುಹೋಗಲಿ, ಸಾವಿರದ ನೂರಕ್ಕೆ ಮುಗಿಯಲಿ. ಬೆಸುಗೆಯ ತಪ್ಪು ತನ್ನದಾದರೂ ಇವನು ಕದ್ದಿರಲಿ. ಕದ್ದಿದ್ದರೆ ಅವತ್ತಿನ ಚೀಲ ಭಾರವಾಗಿತ್ತು, ಕದ್ದಿದ್ದರೆ ಉದ್ದ ಮೇಜಿನ ಮುಂದೆ ಆಡಿದ ಮಾತು ಸರಿಯಾಗಿತ್ತು, ಕದ್ದಿದ್ದರೆ ಈ ಮಧ್ಯಾಹ್ನವೂ ಒಂದು ಬಗೆಯಲ್ಲಿ ನ್ಯಾಯ. ಸಾವಿರ ದಾಟಿತು. ಸಾವಿರದ ಇನ್ನೂರು ದಾಟಿತು. ಜೀರುಂಡೆಯ ಕೈ ಅವಸರವೂ ಇಲ್ಲದೆ, ನಿಧಾನವೂ ಇಲ್ಲದೆ ತಿರುಗುತ್ತಿತ್ತು. ತಂತಿ ಒಮ್ಮೆ ಜಗ್ಗಿ ನಿಂತಿತು.

"ಓದಿ ಸಾರ್."

"ಒಂದು ಸಾವಿರದ ಮುನ್ನೂರ ಇಪ್ಪತ್ತೆಂಟು."

ಜೀರುಂಡೆ ಪುಸ್ತಕ ನೋಡಲೂ ಇಲ್ಲ. ನಡುವಿನ ದಪ್ಪ ತಂತಿಯನ್ನು ಕೈಯಿಂದಲೇ ಎಣಿಸುತ್ತ ಬಿಚ್ಚಿದ, ಎಂಬತ್ನಾಲ್ಕು. ಪೆಟ್ಟಿಗೆಯನ್ನು ಮತ್ತೆ ಸೊನ್ನೆಗೆ ತಂದ. ಆಗ, ಹಿಡಿಕೆಗೆ ಜೀರುಂಡೆಯ ಕೈ ಹೋಗುವ ಮೊದಲು, ತನ್ನ ಬಾಯಿಯಿಂದ ತಾನು ಸಿದ್ಧಪಡಿಸದ ಮಾತೊಂದು ಬಿದ್ದದ್ದನ್ನು ಅವನು ಕೇಳಿಸಿಕೊಂಡ.

"ಅವತ್ತು ಚೀಲದಲ್ಲಿ ಏನಿತ್ತು?"

ಜೀರುಂಡೆ ನೆಲದ ಮೇಲಿನ ತಂತಿಯ ರಾಶಿಯನ್ನು ಕಾಲಿನಿಂದ ಒತ್ತರಿಸಿದ. "ತಾಮ್ರ," ಅಂದ. "ಒಂದೂವರೆ ಕೇಜಿ ಇತ್ತು. ಅದು ಮೂರನೇ ಸಲ."

ಹೊರಗೆ ಬಸ್ಸೊಂದು ಡಿಪೋಗೆ ತಿರುಗುವ ಸದ್ದು ಬಂತು, ಮುಗಿಯಿತು. ಹದಿನಾರು ವರ್ಷ ಹೊತ್ತದ್ದು ಕೆಳಗಿಳಿಯಬೇಕಿತ್ತು. ಇಳಿಯಲಿಲ್ಲ. "ಹಾಗಾದ್ರೆ ನಾನು ಹೇಳಿದ್ದು ನಿಜ," ಅಂದ.

"ನಿಜವೇ. ಆದ್ರೆ ಅದು ನಿಜ ಅಂತ ನಿಮಗೆ ಗೊತ್ತಿರಲಿಲ್ಲ." ಜೀರುಂಡೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಟ್ಟ ಮೋಟಾರೊಂದನ್ನು ವಿವರಿಸುವ ಹಾಗಿತ್ತು. "ಯಾರಾದ್ರೂ ಕೈ ಹಿಡಿದು, ಚೀಲ ಬಿಚ್ಚಿ, ಇಗೋ ಕಳ್ಳ ಅಂದಿದ್ರೆ ನಾನು ತಲೆ ತಗ್ಗಿಸಿ ಹೋಗ್ತಿದ್ದೆ, ಅಲ್ಲಿಗೆ ಮುಗೀತಿತ್ತು. ಯಾರಿಗೋ ಮೂರನೇ ಮಹಡಿಯಿಂದ ಅನಿಸ್ತು ಅಂತ ಕೆಲಸ ಹೋಯ್ತಲ್ಲ. ನನಗೂ ಒಂದು ದಾರಿ ಸಿಕ್ಬಿಡ್ತು. ಅನ್ಯಾಯ ಆಯ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ದೆ. ಹೆಂಡತಿಗೂ ಅದನ್ನೇ ಹೇಳಿದೀನಿ. ಅವಳು ಇವತ್ತಿಗೂ ನಿಮ್ಮನ್ನಲ್ಲ, ಯಾರನ್ನೋ ಹೆಸರಿಲ್ಲದವರನ್ನ ಶಪಿಸ್ತಾಳೆ. ಅವಳಿಗೆ ನಿಮ್ಮ ಹೆಸರು ಹೇಳಿಲ್ಲ. ಹೇಳಿದ್ರೆ ಒಂದು ದಿನ ನಿಮ್ಮನ್ನೇ ಬಂದು ಕೇಳಿಬಿಡ್ತಾಳೆ ಅನ್ನೋ ಭಯ."

ಅವನು ಜೀರುಂಡೆಯ ಮುಖವನ್ನು ಆ ಮಧ್ಯಾಹ್ನ ಮೊದಲ ಸಲ ನೇರವಾಗಿ ನೋಡಿದ. ಟೀ ಯಾಕೆ ಕೊಟ್ಟಿದ್ದ ಅನ್ನುವುದು ಗೊತ್ತಾಯಿತು: ಅವನೂ ಹೆದರಿದ್ದ. ಹಾಗೆ ಗೊತ್ತಾದದ್ದು ಯಾವ ಮೀಟರಿನಿಂದಲೂ ಅಲ್ಲ.

"ಬೆಸುಗೆ ಬಿಟ್ಟಿತ್ತು," ಅಂದ. "ನಾನು ಹಾಕಿದ ಬೆಸುಗೆ. ಒಂದು ವಾಲ್ವು ಕೆಲಸವೇ ಮಾಡ್ತಿರಲಿಲ್ಲ. ಟ್ರಾನ್ಸ್‌ಫಾರ್ಮರಿಗೂ ಅದಕ್ಕೂ ಸಂಬಂಧ ಇಲ್ಲ."

"ಯಾವಾಗ ಗೊತ್ತಾಯ್ತು?"

"ಮಧ್ಯಾಹ್ನ. ಇಲ್ಲಿಗೆ ಬರೋ ಮುಂಚೆ."

ಜೀರುಂಡೆ ತಂತಿಯ ರಾಶಿಯನ್ನು ನೋಡಿದ, ಬರಿದಾಗುತ್ತ ಬಂದಿದ್ದ ಸುರುಳಿಯನ್ನು ನೋಡಿದ. ಅವನ ಕತ್ತಿನ ನರ ಎದ್ದು ಕಾಣಿಸಿತು. ಬೈಯುತ್ತಾನೆ, ಎದ್ದು ಹೊರಗೆ ತಳ್ಳುತ್ತಾನೆ ಅನಿಸಿತು. ಹಾಗಾದರೆ ಒಳ್ಳೆಯದು ಎಂದೂ ಅನಿಸಿತು.

"ಗೊತ್ತಿದ್ದೂ ಯಾಕೆ ಬಿಚ್ಚಿಸಿದ್ರಿ?"

"ಕಮ್ಮಿ ಇರಲಿ ಅಂತ ಆಸೆ ಇತ್ತು," ಅಂದ. ಆಮೇಲೆ, ನುಂಗಿಕೊಂಡಿದ್ದ ಬಾಲವನ್ನು ಹೊರಗೆ ತೆಗೆದು ಹೇಳಿದ: "ನೀವು ಕದ್ದಿರಬೇಕು ಅಂತ."

ಜೀರುಂಡೆ ಹೆಗಲ ಮೇಲಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡ, ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ. ಎದ್ದು ನಿಂತು ತನ್ನ ಮಣೆಯನ್ನು ಕಾಲಿನಿಂದ ಅವನ ಕಡೆಗೆ ತಳ್ಳಿದ. "ಬನ್ನಿ, ಇಲ್ಲಿ ಕೂತ್ಕೊಳ್ಳಿ. ಇನ್ನರ್ಧ ನೀವೇ ಬಿಚ್ಚಿ. ನಾನು ಈ ಪಂಪು ಕೊಟ್ಟು ಬರ್ತೀನಿ, ಎದುರು ಬೀದಿ. ಎಷ್ಟು ಬಂತು ಅಂತ ಹೇಳಿ. ನಾನು ಪೆಟ್ಟಿಗೆ ನೋಡಲ್ಲ. ನೀವು ಎಷ್ಟು ಅಂದ್ರೆ ಅಷ್ಟು." ಪಂಪನ್ನು ಹೆಗಲಿಗೇರಿಸಿಕೊಂಡು ಬಿಸಿಲಿಗೆ ಇಳಿದು ಹೋದ.

ಅವನು ಹಿಡಿಕೆ ಹಿಡಿದ. ಅದು ಜೀರುಂಡೆಯ ಅಂಗೈಯ ಬಿಸಿಯನ್ನು ಇನ್ನೂ ಇಟ್ಟುಕೊಂಡಿತ್ತು. ತಿರುಗಿಸಿದ. ಒಂದು. ಎರಡು. ಪೆಟ್ಟಿಗೆ ಎಣಿಸುತ್ತಿದ್ದರೂ ಅದನ್ನು ನಂಬದೆ ಬಾಯಲ್ಲೂ ಎಣಿಸತೊಡಗಿದ, ಇನ್ನೂರು ದಾಟಿದ ಮೇಲೆ ನಾಲಗೆ ತೊಡರಿ ಬಿಟ್ಟುಬಿಟ್ಟ. ಪದರದ ಮೇಲೆ ಪದರ, ಸುತ್ತಿನ ಪಕ್ಕದಲ್ಲಿ ಸುತ್ತು, ಎಲ್ಲಿಯೂ ಒಂದರ ಮೇಲೊಂದು ಏರಿರಲಿಲ್ಲ. ಕಾಗದದ ಅಂಚುಗಳನ್ನು ಕೂಡ ಕತ್ತರಿಯಿಂದ ಸಮ ಮಾಡಿದ್ದ. ಇಂಥ ಕೆಲಸ ಮೂವತ್ತೊಂದು ವರ್ಷ ತನ್ನ ಮೇಜಿನ ಮೇಲೆ ಬಂದಿತ್ತು, ಒಂದನ್ನೂ ಒಳಗಿನಿಂದ ನೋಡಿರಲಿಲ್ಲ. ತೋಳು ನೋಯತೊಡಗಿತು. ಕೊನೆಯ ಪದರ ಬಂತು, ರಟ್ಟಿನ ಕೊಳವೆ ಕಾಣಿಸಿತು, ತಂತಿಯ ತುದಿ ಟಪ್ಪೆಂದು ಬಿಟ್ಟುಕೊಂಡಿತು. ಪೆಟ್ಟಿಗೆಯಲ್ಲಿ ಒಂದು ಸಾವಿರದ ಮುನ್ನೂರ ಇಪ್ಪತ್ತೈದು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಇಪ್ಪತ್ತೈದೇ. ಬೀದಿಯಲ್ಲಿ ಯಾರೂ ಇರಲಿಲ್ಲ. ಬರಿ ಹಿಡಿಕೆಯನ್ನು ಇನ್ನು ಮೂರು ಸಲ ತಿರುಗಿಸಿದರೆ ಪೆಟ್ಟಿಗೆ ತಾನಾಗಿ ಇಪ್ಪತ್ತೆಂಟಕ್ಕೆ ಹೋಗುತ್ತಿತ್ತು, ಪುಸ್ತಕಕ್ಕೂ ಪೆಟ್ಟಿಗೆಗೂ ತಾಳೆಯಾಗುತ್ತಿತ್ತು. ಎರಡೂವರೆ ಸಾವಿರದಲ್ಲಿ ಮೂರು ಸುತ್ತಿನಿಂದ ಆಗುವುದೂ ಹೋಗುವುದೂ ಏನೂ ಇಲ್ಲ. ಇವತ್ತು ಮಾಡಿದ್ದಕ್ಕೆ ಅಷ್ಟನ್ನಾದರೂ ಕೊಡಬಹುದು. ಕೈ ಹಿಡಿಕೆಯ ಮೇಲೇ ಇತ್ತು. ಚಪ್ಪಲಿಯ ಸದ್ದು ಹತ್ತಿರವಾಗಿ ಮೆಟ್ಟಿಲ ಹತ್ತಿರ ನಿಂತಿತು. ಹೇಳಿದಂತೆಯೇ ಜೀರುಂಡೆ ಪೆಟ್ಟಿಗೆಯ ಕಡೆ ತಿರುಗದೆ ರಸ್ತೆಯನ್ನೇ ನೋಡುತ್ತ ಕೇಳಿದ.

"ಎಷ್ಟು?"

ಅವನು ಹಿಡಿಕೆಯಿಂದ ಕೈ ತೆಗೆದ. "ಮೂರು ಕಮ್ಮಿ."

ಜೀರುಂಡೆ ಒಳಗೆ ಬಂದು ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ಪುಸ್ತಕದ ಪುಟ ಹುಡುಕಿ, ಎಂಟನ್ನು ಹೊಡೆದು ಐದು ಬರೆದ. "ಇರಬಹುದು," ಅಂದ. "ಇದನ್ನ ಸುತ್ತಿದ ದಿನ ಹೆಂಡತಿಗೆ ಉಬ್ಬಸ ಜಾಸ್ತಿಯಾಗಿತ್ತು. ಮಧ್ಯದಲ್ಲಿ ಎರಡು ಸಲ ಎದ್ದು ಹೋಗಿದ್ದೆ. ಎಲ್ಲೋ ತಪ್ಪಿದೆ." ನೆಲದ ಮೇಲಿನ ತಂತಿಯನ್ನೆಲ್ಲ ಬಾಚಿ ಮೂಲೆಗೆ ಹಾಕಿ, ಗೂಡಿನಿಂದ ಹೊಸ ಉರುಳೆ ಇಳಿಸಿ, ಅದರ ತುದಿಯನ್ನು ಹುಡುಕಿ ಅವನ ಕೈಗೆ ಕೊಟ್ಟ.

"ಹಿಡ್ಕೊಳ್ಳಿ. ಬಿಗಿ ಹಿಡಿದ್ರೆ ಹರಿಯತ್ತೆ, ಸಡಿಲ ಬಿಟ್ರೆ ಗಂಟಾಗತ್ತೆ."

"ಎಷ್ಟು ಹಿಡೀಬೇಕು?"

"ಹಿಡೀತಾ ಗೊತ್ತಾಗತ್ತೆ," ಎಂದು ಹೇಳಿ ಜೀರುಂಡೆ ಹಿಡಿಕೆ ತಿರುಗಿಸಿದ. ತಂತಿ ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬಿಸಿಯಾಗಿ ಜಾರುತ್ತ ಹೋಗತೊಡಗಿತು.